ಪುಣೆಯ ಪುಸ್ತಕ ವ್ಯಾಪಾರಿಗೆ ನಾನು ಬರೆದ ದೂರು

ನಮ್ಮ ಕಾಲದ ಮ್ಯಾಟ್ರಿಕ್ಕಿನಲ್ಲಿ ಬೀಳುವವರು ಹೆಚ್ಚಾಗಿ ಬೀಳುತ್ತಿದ್ದದ್ದು ಇಂಗ್ಲಿಷಿನಲ್ಲಿ. ಗಣಿತದಲ್ಲಿ ಬಿದ್ದವನನ್ನು ಜನ ದಡ್ಡ ಅನ್ನುತ್ತಿದ್ದರು, ಇಂಗ್ಲಿಷಿನಲ್ಲಿ ಬಿದ್ದವನನ್ನು ಯಾರೂ ಏನೂ ಅನ್ನುತ್ತಿರಲಿಲ್ಲ. ಅದು ಅವನ ತಪ್ಪಲ್ಲ, ಇಂಗ್ಲಿಷಿನ ತಪ್ಪು ಎಂದು ಎಲ್ಲರೂ ಒಪ್ಪಿಕೊಂಡಂತಿತ್ತು. ನಮ್ಮ ಹೈಸ್ಕೂಲಿನ ಹಿಂದಿನ ಬೆಂಚಿನಲ್ಲಿ ಆ ಒಂದು ವಿಷಯಕ್ಕಾಗಿ ಮತ್ತೆ ಮತ್ತೆ ಕೂತ ಗಡ್ಡಮೀಸೆಯ ಗಂಡಸರಿದ್ದರು. ಅವರಲ್ಲಿ ಒಬ್ಬನಿಗೆ ಮಗನೂ ಇದ್ದ. ಅಪ್ಪ ಮಗ ಕೂಡಿಯೇ ಪಾಸಾಗುತ್ತಾರೆ ಎಂದು ನಾವು ನಗುತ್ತಿದ್ದೆವು. ಅವರಿಗೆ ಮತ್ತೆ ಮತ್ತೆ ಕೂಡುವ ಸೌಕರ್ಯವಿತ್ತು. ನನಗಿರಲಿಲ್ಲ. ನಿನಗೆ ಒಂದೇ ಸಲ ಎಂದು ನಮ್ಮಪ್ಪ ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟಿದ್ದ.

ಅಪ್ಪನದು ತಿಕೋಟಾದಲ್ಲಿ ಅರಿವೆ ಅಂಗಡಿ. ನಮ್ಮ ಊರಿನ ಕನ್ನಡ ಸಾಲಿ ಮುಗಿದ ಮೇಲೆ ನಾನು ಮನೆಯಲ್ಲಿ ಕೂಡಬೇಕಾಗಿತ್ತು, ಎಲ್ಲ ಹುಡುಗಿಯರೂ ಕೂಡುತ್ತಿದ್ದ ಹಾಗೆ. ಆದರೆ ಅಷ್ಟರಲ್ಲಿ ವಿಜಾಪುರದಲ್ಲಿದ್ದ ನನ್ನ ಸೋದರತ್ತೆ ಗಂಡ ತೀರಿಕೊಂಡು ಮನೆಯಲ್ಲಿ ಒಬ್ಬಳೇ ಆದಳು. ಈಗ ವಿಜಯಪುರ ಅನ್ನುತ್ತಾರೆ, ಆಗ ನಮ್ಮ ಬಾಯಲ್ಲಿ ಅದು ವಿಜಾಪುರ. ಅತ್ತೆಗೆ ಜೊತೆ ಬೇಕಾಗಿತ್ತು, ನನಗೆ ಸಾಲಿ ಬೇಕಾಗಿತ್ತು. ಅತ್ತೆ ತನ್ನ ತಮ್ಮನಿಗೆ, "ಹುಡುಗಿನ್ನ ನನ್ನ ಕಡೆ ಬಿಡು, ಹಗಲೆಲ್ಲ ಸಾಲ್ಯಾಗ ಇರ್ಲಿ, ಸಂಜಿಗೆ ನನ್ನ ಸಂಗಾಟ ಮಾತಾಡ್ಲಿ" ಅಂದಳು. ಅಕ್ಕನ ಮಾತನ್ನು ಅಪ್ಪ ತೆಗೆದುಹಾಕುವವನಲ್ಲ. ಹಾಗೆ ನಾನು ಹೈಸ್ಕೂಲು ಸೇರಿದೆ, ಗಂಡುಹುಡುಗರ ನಡುವೆ ಮುಂದಿನ ಬೆಂಚಿನಲ್ಲಿ ಕೂತ ಬೆರಳೆಣಿಕೆಯ ಹುಡುಗಿಯರಲ್ಲಿ ಒಬ್ಬಳಾಗಿ.

ಮ್ಯಾಟ್ರಿಕ್ಕಿನ ವರ್ಷ ಬಂದಾಗ ಕಾಖಂಡಕಿಯಿಂದ ಒಂದು ಸಂಬಂಧ ಬಂತು. ಹುಡುಗ ಒಳ್ಳೆಯವನು, ಹೊಲಮನೆ ಇದ್ದವನು ಎಂದು ಎಲ್ಲರೂ ಹೇಳಿದರು. ನಾನು ಅವನನ್ನು ನೋಡಿರಲಿಲ್ಲ, ಹಾಗಾಗಿ ಬೇಡ ಅನ್ನುವುದಕ್ಕೆ ನನ್ನಲ್ಲಿ ಕಾರಣವೂ ಇರಲಿಲ್ಲ. ಇದ್ದದ್ದು ಒಂದೇ ಆಸೆ. ಅದೇ ಹೊತ್ತಿಗೆ ವಿಜಾಪುರಕ್ಕೆ ಹೊಸದಾಗಿ ಕಾಲೇಜು ಬಂದಿತ್ತು. ಅದರ ಮುಂದೆ ಹಾದುಹೋಗುವಾಗಲೆಲ್ಲ ನನ್ನ ಕಾಲು ಸಾವಕಾಶ ಆಗುತ್ತಿತ್ತು. ಮೊದಲು ಮ್ಯಾಟ್ರಿಕ್ ಆಗಲಿ ಎಂದು ಕಾಖಂಡಕಿಯವರಿಗೆ ಅಪ್ಪ ಹೇಳಿ ಕಳಿಸಿದ. ನನಗೆ ಹೇಳಿದ್ದು ಬೇರೆ: "ಒಮ್ಮೆ ಕೂಡು. ನಪಾಸಾದಿ ಅಂದ್ರ ಸಾಲಿ ಮುಗೀತು, ಅಕ್ಕಿಕಾಳು ಹಾಕಿ ಲಗ್ನಾ ಮಾಡ್ತೀನಿ. ಪಾಸಾದ್ರ ಆಮ್ಯಾಲ ಮಾತಾಡೂಣು." ಪಾಸಾದರೆ ಏನು ಮಾತಾಡುವುದು ಎಂದು ನಾನು ಕೇಳಲಿಲ್ಲ. ಮಾತಾಡುವುದಕ್ಕೆ ಮೊದಲು ಇಂಗ್ಲಿಷು ದಾಟಬೇಕಲ್ಲ.

ನಮಗೆ ಇಂಗ್ಲಿಷು ಕಲಿಸುತ್ತಿದ್ದ ಮಾಸ್ತರು ಕಾರವಾರದ ಕಡೆಯವರು. ಇಡೀ ಸಾಲಿಯಲ್ಲಿ ಸಮುದ್ರ ನೋಡಿದವರು ಅವರೊಬ್ಬರೇ. ಇದು ಸಣ್ಣ ಮಾತಲ್ಲ, ಯಾಕೆಂದರೆ ಆ ಪರೀಕ್ಷೆಗೆ ಸಮುದ್ರದ ಮೇಲೆ ಪ್ರಬಂಧ ಬರೆಯಬೇಕಾಗುತ್ತಿತ್ತು. ಸಮುದ್ರದ ದಂಡೆಯ ಸಂಜೆ, ಬೆಟ್ಟದ ಮೇಲಿನ ಊರಿಗೆ ಪ್ರವಾಸ, ಹಡಗಿನ ಪಯಣ, ಇಂಥವೇ ವಿಷಯ. ನಾವು ನೋಡಿದ ದೊಡ್ಡ ನೀರೆಂದರೆ ತಾಜಬಾವಡಿಯ ಬಾವಿ, ಹತ್ತಿದ ದೊಡ್ಡ ಬೆಟ್ಟವೆಂದರೆ ಗೋಳಗುಮ್ಮಟದ ಮೆಟ್ಟಿಲು. ಆದರೂ ತೆರೆ ಉರುಳುವುದನ್ನೂ ಮರಳಿನಲ್ಲಿ ಮಕ್ಕಳು ಆಡುವುದನ್ನೂ ಕಂಡವರ ಹಾಗೆ ಬರೆಯುತ್ತಿದ್ದೆವು. ಒಬ್ಬ ಹುಡುಗ ಸಮುದ್ರದ ದಂಡೆಯಲ್ಲಿ ಎಮ್ಮೆ ಮೈ ತೊಳೆಸಿಬಿಟ್ಟ. ಮಾಸ್ತರು ಆ ಸಾಲಿನ ಕೆಳಗೆ ಕೆಂಪು ಗೆರೆ ಎಳೆದು, "ನಿನ್ನ ಎಮ್ಮೆ ತೇಲಿಹೋಯಿತು" ಎಂದು ಬರೆದರು.

ಪದ್ಯಗಳಲ್ಲಿ ಹಿಮ ಬೀಳುತ್ತಿತ್ತು. ಹೊರಗೆ ಬಿಸಿಲಿಗೆ ಕಾಗೆ ಬಾಯಿ ತೆರೆದುಕೊಂಡು ಕೂತಿರುವಾಗ ಒಳಗೆ ನಾವು ಹಿಮದ ಸೊಗಸನ್ನು ಗದ್ಯದಲ್ಲಿ ಬಿಡಿಸಿ ಬರೆಯುತ್ತಿದ್ದೆವು. ಅರಳೆ ಹಿಂಜುವ ಕಡೆ ಹಾರುವ ಹತ್ತಿಯನ್ನು ನೆನೆಸಿಕೊಂಡು ನಾನು ಹಿಮವನ್ನು ಅರ್ಥ ಮಾಡಿಕೊಂಡೆ. ಇಂದಿಗೂ ಹಿಮವೆಂದರೆ ನನಗೆ ಬೆಚ್ಚಗಿನ ವಸ್ತು. ಕನ್ನಡದಿಂದ ಇಂಗ್ಲಿಷಿಗೆ ಅನುವಾದ, ಗಾದೆಯೊಂದನ್ನು ಹಿಗ್ಗಿಸಿ ಪುಟವಾಗಿಸುವುದು, ಪುಟವೊಂದನ್ನು ಕುಗ್ಗಿಸಿ ನಾಲ್ಕು ಸಾಲಾಗಿಸುವುದು, ಇವೂ ಇದ್ದವು. ಈ ಕುಗ್ಗಿಸುವ ಕೆಲಸದಲ್ಲಿ ನಾನು ಜಾಣೆ. ಯಾಕೆಂದರೆ ಸಂಜೆ ಅತ್ತೆ ಓಣಿಯ ಸುದ್ದಿಯನ್ನೆಲ್ಲ ಹೇಳುತ್ತಿದ್ದಳು, ಅದರಲ್ಲಿ ಸುದ್ದಿ ಯಾವುದು, ಒಗ್ಗರಣೆ ಯಾವುದು ಎಂದು ಬೇರೆ ಮಾಡುವುದು ನನಗೆ ರೂಢಿಯಾಗಿತ್ತು. ಅದು ಯುದ್ಧದ ಕಾಲ, ಸಕ್ಕರೆ, ಎಣ್ಣೆ, ಅರಿವೆ ಎಲ್ಲವೂ ರೇಷನ್ನು. ಮಾಸ್ತರು, "ಇಂಗ್ಲಿಷರು ಮಾತಿಗೂ ರೇಷನ್ ಹಾಕಿಕೊಂಡ ಜನ. ಸಾರಾಂಶ ಬರೆಯುವಾಗ ಅದನ್ನು ನೆನಪಿಡಿ" ಅನ್ನುತ್ತಿದ್ದರು.

ಮತ್ತೆ ಕಾಗದ. ಅಣ್ಣನಿಗೆ ಕಾಗದ, ಹೆಡ್‌ಮಾಸ್ತರಿಗೆ ಅರ್ಜಿ, ವ್ಯಾಪಾರಿಗೆ ಕಾಗದ. ಇದನ್ನು ಕಲಿಯುವ ಹೊತ್ತಿಗೆ ನಾನು ಮೂಗು ಮುರಿಯುತ್ತಿದ್ದೆ. ಕಾಗದ ಬರೆಯುವುದನ್ನು ನನಗೆ ಯಾರು ಕಲಿಸಬೇಕು? ಕೈ ಪೆನ್ನು ಹಿಡಿಯಲು ಕಲಿತಾಗಿನಿಂದ ಅಪ್ಪನ ಅಂಗಡಿಯ ಕಾಗದಗಳನ್ನೆಲ್ಲ ಬರೆದವಳು ನಾನೇ. ಅಪ್ಪ ಕಲಿತದ್ದು ಮರಾಠಿಯ ಮೋಡಿ ಅಕ್ಷರ. ಹಳೆಯ ವ್ಯಾಪಾರಿಗಳು ಆ ಬರಹ ಓದುತ್ತಿದ್ದರು, ಹೊಸಬರಿಗೆ ಅದು ಇರುವೆ ಸಾಲಿನಂತೆ ಕಾಣುತ್ತಿತ್ತು. ಹಾಗಾಗಿ ಸೂಟಿಗೆ ಊರಿಗೆ ಹೋದಾಗಲೆಲ್ಲ ಅಪ್ಪ ಗಾದಿಯ ಮೇಲೆ ಕೂತು ಹೇಳುತ್ತಿದ್ದ, ನಾನು ಮರಾಠಿಯ ಬಾಲಬೋಧ ಅಕ್ಷರದಲ್ಲೋ ಕನ್ನಡದಲ್ಲೋ ಬರೆಯುತ್ತಿದ್ದೆ.

ಅಪ್ಪನ ಕಾಗದಕ್ಕೆ ಒಂದು ಕ್ರಮವಿತ್ತು. ಮೊದಲು ಆರೋಗ್ಯ. ಆಮೇಲೆ ಮಳೆ. ಆಮೇಲೆ ಮನೆಯ ಹಿರಿಯರು, ಕಿರಿಯರು, ಅವರ ಮದುವೆ ಮುಂಜಿ. ಬಳಿಕ ನಮ್ಮ ಕಡೆಯ ಜೋಳ ಹೇಗಿದೆ, ಕುಸುಬಿ ಹೇಗಿದೆ. ಇಷ್ಟೆಲ್ಲ ಆದ ಮೇಲೆ, ಕಾಗದ ಮುಗಿಯಲು ಬಂದಾಗ, ಈಗ ನೆನಪಾಯಿತು ಅನ್ನುವ ಹಾಗೆ: "ಹೋದ ಸಲದ ಗಂಟಿನಾಗ ಒಂದೆರಡ ಸೀರಿ ನೀರು ತಾಗಿ ಬಂದಿದ್ದೂ. ಇರಲಿ. ತಮಗ ತಿಳಿದಂಗ ಮಾಡ್ರಿ." ಸೊಲ್ಲಾಪುರದ ವ್ಯಾಪಾರಿಯಾಗಲಿ ರಬಕವಿಯ ನೇಕಾರನಾಗಲಿ, ಈ ಸಾಲು ಓದಿದವನು ಮುಂದಿನ ಗಂಟಿನಲ್ಲಿ ಬೇರೆ ಸೀರೆ ಕಳಿಸದೇ ಇದ್ದದ್ದೇ ಇಲ್ಲ. ಕೆಟ್ಟ ಮಾಲಿನ ಮಾತನ್ನು ಮೊದಲೇ ಯಾಕೆ ಬರೆಯಬಾರದು ಎಂದು ನಾನೊಮ್ಮೆ ಕೇಳಿದ್ದೆ. ಅಪ್ಪ ನನ್ನನ್ನು ಬುದ್ಧಿ ಇಲ್ಲದವಳಂತೆ ನೋಡಿದ. "ಜಗಳಾ ಆಡಾಕ ಬಂದವಗೂ ಮೊದಲ ಬೆಲ್ಲ ನೀರು ಕೊಡ್ತೀವಿಲ್ಲೊ? ಕಾಗದಾನೂ ಹಂಗ."

ಮಾಸ್ತರ ಕಾಗದದಲ್ಲಿ ಬೆಲ್ಲವೂ ಇರಲಿಲ್ಲ, ನೀರೂ ಇರಲಿಲ್ಲ. ವ್ಯಾಪಾರಿಗೆ ಬರೆಯುವ ದೂರಿನಲ್ಲಿ ಮೊದಲ ಸಾಲಿನಲ್ಲೇ ವಿಷಯ ಬರಬೇಕು. ಇಂಥ ಮಾಲು ತರಿಸಿದ್ದೆ, ಇಂಥ ದೋಷವಿದೆ, ಬದಲಿ ಕಳಿಸಿ, ಇಂತಿ ತಮ್ಮ ವಿಶ್ವಾಸಿ. ನಾನು ಎದ್ದು ನಿಂತು, "ಮನ್ಯಾಗ ಎಲ್ಲಾರೂ ಆರಾಮ ಅದಾರೇನಂತ ಕೇಳಲಾರದ ಹೆಂಗ್ರಿ ಸರ್ ಬಯ್ಯೋದು?" ಅಂದೆ. ಗಂಡುಹುಡುಗರೆಲ್ಲ ನಕ್ಕರು. ಮಾಸ್ತರು ನಗಲಿಲ್ಲ. "ಅವನಿಗೆ ದಿನಕ್ಕೆ ನೂರು ಕಾಗದ ಬರುತ್ತದೆ ಮಗಳೇ. ಅವನ ಮನೆಯವರ ಆರೋಗ್ಯ ನಿನಗೆ ಯಾಕೆ?" ಎಂದರು. ನನಗೆ ಅದು ಒಪ್ಪಿಗೆಯಾಗಲಿಲ್ಲ. ಆದರೂ ಪರೀಕ್ಷೆ ಅವರದು, ನನ್ನದಲ್ಲ. ಅವರ ಕ್ರಮವನ್ನು ಬಾಯಿಪಾಠ ಮಾಡಿದೆ, ಬರೆದು ಬರೆದು ತೋರಿಸಿದೆ, ಸೈ ಅನ್ನಿಸಿಕೊಂಡೆ.

ಪರೀಕ್ಷೆಯ ದಿನ ಅತ್ತೆ ಮೊಸರು ಸಕ್ಕರೆ ಕೈಗೆ ಹಾಕಿ ಕಳಿಸಿದಳು. ರೇಷನ್ನಿನ ಸಕ್ಕರೆ ಅದಕ್ಕೆಂದೇ ಎತ್ತಿಟ್ಟಿದ್ದಳಂತೆ. ಪ್ರಶ್ನೆಪತ್ರಿಕೆ ಕೈಗೆ ಬಂದಾಗ ನನಗೆ ಸಂತೋಷವೇ ಆಯಿತು. ಪದ್ಯದ ಅರ್ಥ ಗೊತ್ತಿದ್ದದ್ದು, ಅನುವಾದ ಸುಲಭದ್ದು, ಸಾರಾಂಶಕ್ಕೆ ಕೊಟ್ಟ ಭಾಗ ಅತ್ತೆಯ ಓಣಿ ಸುದ್ದಿಗಿಂತ ಸರಳ. ಪ್ರಬಂಧಕ್ಕೆ ಬೆಟ್ಟವೂ ಇತ್ತು, ಸಮುದ್ರವೂ ಇತ್ತು; ಸಮುದ್ರವನ್ನೇ ಹಿಡಿದೆ, ಎಮ್ಮೆಯನ್ನು ದೂರ ಇಟ್ಟೆ. ಕಾಗದವನ್ನು ಕಡೆಗೆ ಉಳಿಸಿಕೊಂಡಿದ್ದೆ, ಗೊತ್ತಿದ್ದ ಕೆಲಸ ಎಂದು. ಪುಣೆಯ ಒಬ್ಬ ಪುಸ್ತಕ ವ್ಯಾಪಾರಿಯಿಂದ ನೀವು ತರಿಸಿದ ಪುಸ್ತಕಗಳು ದಾರಿಯಲ್ಲಿ ನೀರು ತಾಗಿ ಕೆಟ್ಟು ಬಂದಿವೆ, ಅವನಿಗೆ ಒಂದು ಕಾಗದ ಬರೆಯಿರಿ ಎಂದಿತ್ತು.

ನೀರು ತಾಗಿದ ಮಾಲು. ಅದನ್ನು ಓದಿದ್ದೇ ತಡ, ನಾನು ಆ ಪರೀಕ್ಷೆಯ ಕೋಣೆಯಲ್ಲಿ ಇರಲೇ ಇಲ್ಲ. ತಿಕೋಟಾದ ಅಂಗಡಿಯ ಗಾದಿಯ ಪಕ್ಕದಲ್ಲಿ ಕೂತಿದ್ದೆ, ಅಪ್ಪ ಹೇಳುತ್ತಿದ್ದ, ನಾನು ಬರೆಯುತ್ತಿದ್ದೆ. ಮಾಸ್ತರ ಕ್ರಮವೆಲ್ಲ ಎಲ್ಲಿ ಹೋಯಿತೋ ತಿಳಿಯದು. ಪುಣೆಯ ಆ ಅಪರಿಚಿತ ಮನುಷ್ಯನಿಗೆ, ನಾವೆಲ್ಲ ದೇವರ ದಯದಿಂದ ಆರಾಮವಿದ್ದೇವೆ, ನೀವೂ ನಿಮ್ಮ ಮನೆಯವರೂ ಹಾಗೆಯೇ ಇದ್ದೀರೆಂದು ನಂಬಿದ್ದೇನೆ ಎಂದು ಬರೆದೆ. ನಿಮ್ಮ ಕಡೆ ಮಳೆ ಹೇಗಾಯಿತು ಎಂದು ಕೇಳಿದೆ. ಮಕ್ಕಳು ನಿಮ್ಮ ಅಂಗಡಿಯಲ್ಲೇ ಕೂಡುತ್ತಾರೋ, ಓದುತ್ತಾರೋ ಎಂದು ವಿಚಾರಿಸಿದೆ. ನಮ್ಮ ಕಡೆ ಈ ವರ್ಷ ಜೋಳ ಚೆನ್ನಾಗಿ ತೆನೆ ಹಿಡಿದಿದೆ ಎಂದು ತಿಳಿಸಿದೆ. ಎಲ್ಲಕ್ಕೂ ಕೊನೆಯಲ್ಲಿ, ಪುಸ್ತಕಗಳು ತುಸು ನೆನೆದು ಬಂದವು, ಇರಲಿ, ನಿಮಗೆ ಸರಿ ಕಂಡಂತೆ ಮಾಡಿ ಎಂದೆ. ಇಂಗ್ಲಿಷು ನೀರಿನ ಹಾಗೆ ಹರಿಯಿತು. ಇಷ್ಟು ವರ್ಷಗಳಲ್ಲಿ ನಾನು ಬರೆದ ಇಂಗ್ಲಿಷಿನಲ್ಲಿ ಅಷ್ಟು ಸಲೀಸಾದದ್ದು ಇನ್ನೊಂದಿಲ್ಲ. ಗಂಟೆ ಬಾರಿಸಿದಾಗ ನಗುತ್ತಲೇ ಎದ್ದೆ.

ಹೊರಗೆ ಬೇವಿನ ಮರದ ಕೆಳಗೆ ನನ್ನ ಗೆಳತಿ ನಿಂತಿದ್ದಳು. ಕೋರ್ಟಿನ ಕಾರಕೂನರ ಮಗಳು, ಎಲ್ಲ ಉತ್ತರಗಳನ್ನೂ ಹೊರಗೆ ಬಂದು ಇನ್ನೊಮ್ಮೆ ಬರೆಯುವಷ್ಟು ಶಿಸ್ತಿನವಳು. "ಕಾಗದದಾಗ ಮೊದಲನೇ ಸಾಲು ಏನ ಬರದಿ?" ಎಂದು ಕೇಳಿದಳು. ನಾನು ಹೇಳಿದೆ. ಅವಳು ತನ್ನ ಪ್ರಶ್ನೆಪತ್ರಿಕೆ ಬಿಚ್ಚಿ ಆ ಪ್ರಶ್ನೆಯ ಮೇಲೆ ಬೆರಳಿಟ್ಟಳು. ಆಗ ನನಗೆ ಮಾಸ್ತರ ಕ್ರಮ ನೆನಪಾಯಿತು. ಬಾಯಿಗೆ ಬಂದ ತುತ್ತನ್ನು ನಾನೇ ಚೆಲ್ಲಿಕೊಂಡಿದ್ದೆ. ಅವಳು ನನ್ನ ಕೈ ಹಿಡಿದುಕೊಂಡಳು, ಸಮಾಧಾನ ಮಾತ್ರ ಹೇಳಲಿಲ್ಲ, ಸುಳ್ಳು ಅವಳಿಗೆ ಬರುತ್ತಿರಲಿಲ್ಲ.

ಮಾಸ್ತರು ಗೇಟಿನ ಹತ್ತಿರವೇ ಪ್ರಶ್ನೆಪತ್ರಿಕೆ ಓದುತ್ತ ನಿಂತಿದ್ದರು. ಹೋಗಿ ಹೇಳಿಬಿಟ್ಟೆ. ಅವರು ಆ ಪತ್ರಿಕೆಯಿಂದಲೇ ಮುಖ ಮುಚ್ಚಿಕೊಂಡರು.

"ಮಳೆ ಕೇಳಿದೆಯಾ?" ಎಂದರು ಒಳಗಿನಿಂದಲೇ.

"ಕೇಳೇನ್ರಿ ಸರ್."

"ದನಕರು?"

"ಪುಣೆದಾಗ ಅಂಗಡಿಯವರಿಗೆ ದನ ಎಲ್ಲಿ ಇರ್ತಾವಂತ ಬಿಟ್ಟೇನ್ರಿ."

"ಅಷ್ಟಾದರೂ ವಿವೇಕ ಉಳಿಯಿತಲ್ಲ" ಎಂದು ಅವರು ಪತ್ರಿಕೆ ಕೆಳಗಿಳಿಸಿದರು. ನಗುತ್ತಿದ್ದಾರೋ ಅಳುತ್ತಿದ್ದಾರೋ ತಿಳಿಯಲಿಲ್ಲ. ಆಮೇಲೆ ಗಂಭೀರವಾಗಿ ಹೇಳಿದರು: ಪೇಪರು ತಿದ್ದುವವರು ಮುಂಬಯಿಯವರು, ಅವರಿಗೆ ನಮ್ಮ ಜೋಳದ ಮೇಲೆ ಪ್ರೀತಿ ಇರಬೇಕಾದ ಕಾರಣವಿಲ್ಲ, ಉಳಿದದ್ದೆಲ್ಲ ಚೆನ್ನಾಗಿ ಬರೆದಿದ್ದರೆ ದಾಟಬಹುದು, ದಾಟದೆಯೂ ಇರಬಹುದು. ಮನೆಗೆ ಬಂದು ಅತ್ತೆಗೆ ಹೇಳಿದರೆ ಅವಳಿಗೆ ತಪ್ಪು ಯಾವುದು ಎಂದೇ ತಿಳಿಯಲಿಲ್ಲ. "ಛಲೋನ ಬರದೀಯಲ್ಲ ಬೇ, ಇನ್ನೇನ ಬರೀಬೇಕಿತ್ತು?" ಅಂದಳು. ನಾನು ಗೋಡೆಗೆ ಮುಖ ಮಾಡಿ ಮಲಗಿದೆ.

ಉಳಿದ ಪರೀಕ್ಷೆಗಳು ಮುಗಿದ ಮೇಲೆ ಇದ್ದಿಲಿನ ಬಸ್ಸು ಹತ್ತಿ ತಿಕೋಟಾಕ್ಕೆ ಹೋದೆ. ಯುದ್ಧಕ್ಕೆ ಪೆಟ್ರೋಲೆಲ್ಲ ಹೋಗಿ, ಬಸ್ಸಿನ ಬೆನ್ನಿಗೆ ಒಲೆ ಕಟ್ಟಿಕೊಂಡು ಇದ್ದಿಲಿನ ಹೊಗೆಯ ಮೇಲೆ ಓಡಿಸುತ್ತಿದ್ದ ಕಾಲ ಅದು. ಏರು ಬಂದರೆ ಗಂಡಸರು ಇಳಿದು ನಡೆಯುತ್ತಿದ್ದರು. ಮನೆಯಲ್ಲಿ ಪರೀಕ್ಷೆ ಹೇಗಾಯಿತು ಎಂದು ಅವ್ವ ಕೇಳಿದಳು, ಆಗ್ಯಾವ ಅಂದೆ. ಅಪ್ಪ ಕೇಳಲಿಲ್ಲ. ಅದೇ ನನಗೆ ಹೆಚ್ಚು ಕಷ್ಟವಾಯಿತು. ದಿನವೂ ಬೆಳಿಗ್ಗೆ ಇವತ್ತು ಹೇಳಿಬಿಡೋಣ ಅಂದುಕೊಳ್ಳುತ್ತಿದ್ದೆ, ಸಂಜೆಗೆ ನಾಳೆ ಅಂದುಕೊಳ್ಳುತ್ತಿದ್ದೆ. ಹೊಟ್ಟೆಯಲ್ಲಿಟ್ಟುಕೊಂಡ ಮಾತು ಊಟವನ್ನು ಒಳಗೆ ಬಿಡುತ್ತಿರಲಿಲ್ಲ. ಅವ್ವ ಅದನ್ನು ಮದುವೆಯ ನಾಚಿಕೆ ಎಂದು ತಿಳಿದು ಖುಷಿಪಟ್ಟಳು.

ಬಬಲೇಶ್ವರದ ಸಂತೆಗೆ ಅಪ್ಪ ಪ್ರತಿವಾರ ಅರಿವೆಯ ಗಂಟು ಕಟ್ಟಿಕೊಂಡು ಚಕ್ಕಡಿಯಲ್ಲಿ ಹೋಗುತ್ತಿದ್ದ. ಸೂಟಿಯಲ್ಲಿ ನಾನೂ ಹೋಗುವುದು ರೂಢಿ. ಹೆಂಗಸರಿಗೆ ಕುಪ್ಪಸದ ಖಣ ಬಿಚ್ಚಿ ತೋರಿಸಲಿಕ್ಕೆ ಹೆಣ್ಣುಮಗಳಿದ್ದರೆ ವ್ಯಾಪಾರ ಹಗುರ. ಆ ವಾರ ಸಂತೆಯಲ್ಲಿ ಹೇಳಿಕೊಳ್ಳುವಂಥ ಗಿರಾಕಿ ಇರಲಿಲ್ಲ. ನಿಡೋಣಿಯ ಒಬ್ಬ ಮುದುಕಿ ಮಾತ್ರ ಮೊಮ್ಮಗಳಿಗೆ ಖಣ ಬೇಕೆಂದು ಕೂತು, ಎಲ್ಲವನ್ನೂ ಬಿಚ್ಚಿಸಿ ನೋಡುತ್ತಿದ್ದಳು. ಅಪ್ಪ ಬಿಡುವು ನೋಡಿಕೊಂಡು, "ಸೊಲ್ಲಾಪುರದವಗ ಒಂದ ಕಾಗದ ಬರಿ. ಮೊನ್ನಿನ ದೋತರದ ಗಂಟು ಡಾಗ ಬಿದ್ದು ಕಲೆ ಕಲೆ ಆಗಿ ಬಂದೈತಿ" ಅಂದ. ಪೆನ್ನು ನನ್ನ ಕೈಯಲ್ಲಿಟ್ಟ. "ತಮ್ಮ ಪ್ರಕೃತಿ ಆರಾಮ ಐತೆಂದು..."

ನನಗೆ ಎಲ್ಲಿತ್ತೋ ಸಿಟ್ಟು. ಪೆನ್ನು ಕೆಳಗೆ ಇಟ್ಟುಬಿಟ್ಟೆ. "ನಾ ಬರಿಯೂದಿಲ್ಲ. ನಿನ್ನ ಈ ಕಾಗದದ ಸಲುವಾಗೇ ನಾ ಮುಳಿಗೇನಿ."

ಅಪ್ಪ ಗಾಬರಿಯಾಗಲಿಲ್ಲ. ವ್ಯಾಪಾರಿಗೆ ಗಾಬರಿಯಾದರೂ ಮುಖದ ಮೇಲೆ ತೋರಿಸುವ ರೂಢಿ ಇರುವುದಿಲ್ಲ. "ಏನಾತು?" ಅಂದ. ನಾನು ಎಲ್ಲ ಹೇಳಿದೆ. ಪ್ರಶ್ನೆ ಹೇಳಿದೆ, ಮಾಸ್ತರ ಕ್ರಮ ಹೇಳಿದೆ, ನಾನು ಬರೆದದ್ದನ್ನು ಹೇಳಿದೆ. ಅಪ್ಪ ತಡೆದು, "ಹಂಗಲ್ಲ, ಇಡೀ ಕಾಗದ ಹೇಳು, ಕನ್ನಡದಾಗ ಹೇಳು" ಅಂದ. ಸಂತೆಯ ನಡುವೆ, ಬಿಚ್ಚಿದ ಖಣಗಳ ಮುಂದೆ ಕೂತು, ಪುಣೆಯ ವ್ಯಾಪಾರಿಗೆ ಬರೆದದ್ದನ್ನು ಮೊದಲಿನಿಂದ ಕಡೆಯ ತನಕ ಒಪ್ಪಿಸಿದೆ. ಮುದುಕಿಯೂ ಖಣ ಬಿಟ್ಟು ಕೇಳತೊಡಗಿದಳು. ಅಪ್ಪ ಕಣ್ಣು ಮುಚ್ಚಿಕೊಂಡು, ಹಾಡು ಕೇಳುವವನಂತೆ ತಲೆಯಾಡಿಸುತ್ತ ಕೇಳಿದ.

"ಅಂವನ ತಾಯಿ ಹೆಂಗದಾರಂತ ಕೇಳಿದಿಲ್ಲೊ?" ಅಂದ ಕಡೆಗೆ.

"ಇಲ್ಲ."

"ಕೇಳಬೇಕಾಗಿತ್ತು. ಉಳಿದದ್ದ ಬರೋಬ್ಬರಿ ಐತಿ. ಈ ಕಾಗದಕ್ಕ ಮಾಲು ಹೊಳ್ಳಿ ಕೊಡಲಾರದ ವ್ಯಾಪಾರಿ ಅವ ವ್ಯಾಪಾರೀನ ಅಲ್ಲ."

"ಅವ ವ್ಯಾಪಾರಿ ಅಲ್ಲಪ್ಪ, ಅಂಥಾಂವ ಯಾರೂ ಇಲ್ಲೇ ಇಲ್ಲ. ಅದು ಪರೀಕ್ಷಾ. ಅದರಾಗ ಹಿಂಗ ಬರದ್ರ ನಪಾಸ ಮಾಡ್ತಾರ." ಹೇಳುತ್ತ ಹೇಳುತ್ತ ನನಗೆ ಅಳು ಬಂತು. ಅಲ್ಲಿಯವರೆಗೆ ಅತ್ತಿರಲಿಲ್ಲ.

ಅಪ್ಪ ಬಿಚ್ಚಿದ ಖಣಗಳನ್ನು ತನ್ನ ಕಡೆಗೆ ಎಳೆದುಕೊಂಡ. ಮುದುಕಿಗೆ ಒಂದು ಖಣ ಮಡಿಚಿ ಕೊಟ್ಟ, ಬೇರೆ ಖಣಗಳನ್ನು ಒಂದೊಂದಾಗಿ ಮಡಿಕೆ ಹಾಕಿದ. ಅವನು ಅರಿವೆ ಮಡಿಚುವಾಗ ಏನೋ ಯೋಚನೆ ನಡೆದಿದೆ ಎಂದು ನಮಗೆಲ್ಲ ಗೊತ್ತು. ಕಡೆಯ ಖಣ ಮಡಿಚಿ ಇಟ್ಟ ಮೇಲೆ ನನ್ನ ಕಡೆ ನೋಡದೇ ಹೇಳಿದ.

"ನಿನಗ ಆ ಕಾಗದ ಕಲಿಸಿದಾಂವ ನಾನ. ಅರಿವಿ ನಮ್ಮ ಅಂಗಡೀದು. ಡಾಗ ಬಿದ್ದದ್ದೂ ನಮ್ಮ ಅಂಗಡ್ಯಾಗ. ಅದನ್ನ ಗಿರಾಕಿ ತಲೀಗೆ ಕಟ್ಟಾಕ ಬರೂದಿಲ್ಲ. ಇನ್ನೊಂದ ವರ್ಷ ವಿಜಾಪುರದಾಗ ಓದು. ಕಾಖಂಡಕಿಯವರಿಗೆ ನಾ ಹೇಳ್ತೀನಿ."

"ಓದ್ಲಿ ಬಿಡ್ರಿ ಯಪ್ಪಾ, ಹುಡುಗಿ ಎಷ್ಟ ಛಂದ ಹೇಳ್ತಾಳ" ಎಂದಳು ನಿಡೋಣಿಯ ಮುದುಕಿ, ತನ್ನನ್ನು ಯಾರೂ ಕೇಳದಿದ್ದರೂ.

ಊರಿಗೆ ಮರಳುವಾಗ ಚಕ್ಕಡಿಯಲ್ಲಿ ನಾನು ಖುಷಿಯಿಂದ ಕೂತಿದ್ದೆ. ನನ್ನಪ್ಪ ಹೇಳಿದ ಮಾತನ್ನು ಹಿಂದಕ್ಕೆ ತೆಗೆದುಕೊಂಡದ್ದನ್ನು ನಾನು ಅಂದೇ ಮೊದಲು ನೋಡಿದ್ದು. ಅವನ ಮೇಲೆ ಎಷ್ಟು ಪ್ರೀತಿ ಬಂತೆಂದರೆ, ಸೊಲ್ಲಾಪುರದ ಕಾಗದವನ್ನು ಅಲ್ಲೇ ಅಲುಗಾಡುವ ಚಕ್ಕಡಿಯಲ್ಲೇ ಬರೆದುಕೊಟ್ಟೆ. ಆ ವ್ಯಾಪಾರಿಯ ತಾಯಿಯ ಆರೋಗ್ಯವನ್ನೂ ಕೇಳಿದೆ. ಅಂದಿನಿಂದ ಊಟವೂ ಸೇರಿತು, ನಿದ್ದೆಯೂ ಬಂತು. ಬಿದ್ದರೆ ಇನ್ನೊಮ್ಮೆ ಬರೆಯುವುದು, ಅಷ್ಟೇ ತಾನೆ. ಹಿಂದಿನ ಬೆಂಚಿನ ಗಡ್ಡದವರ ಪಕ್ಕದಲ್ಲಿ ಒಂದು ಜಾಗ ಹಿಡಿದರಾಯಿತು.

ಕಾಖಂಡಕಿಯವರಿಗೆ ಅಪ್ಪ ಏನು ಹೇಳಿದನೋ, ಅವರು ಮದುವೆಯ ಮಾತನ್ನು ಬಿಡಲೂ ಇಲ್ಲ, ಒತ್ತಾಯ ಮಾಡಲೂ ಇಲ್ಲ. ರಿಜಲ್ಟು ಬರಲಿ, ಆಮೇಲೆ ಬರುತ್ತೇವೆ ಎಂದು ಹೇಳಿ ಕಳಿಸಿದರು.

ರಿಜಲ್ಟು ಬಂದದ್ದು ಮೊದಲ ಮಳೆ ಬಿದ್ದು ಜನ ಹೆಸರು ಬಿತ್ತುವ ಗಡಿಬಿಡಿಯಲ್ಲಿದ್ದಾಗ. ಮಧ್ಯಾಹ್ನದ ಬಸ್ಸು ಕೆಮ್ಮುತ್ತ ಬಂದು ನಮ್ಮ ಅಂಗಡಿಯ ಎದುರಿಗೆ ನಿಂತಿತು. ಅಲ್ಲಿ ಅದು ನಿಲ್ಲುವ ಜಾಗವೇ ಅಲ್ಲ. ಕಂಡಕ್ಟರು ಮೆಟ್ಟಿಲ ಮೇಲೆ ನಿಂತು, "ನಿಮ್ಮ ಹುಡುಗಿ ಪಾಸಂತ್ರಿ. ಇಂಗ್ಲಿಷನ್ಯಾಗೂ ಪಾಸಂತ ಬ್ಯಾರೇನ ಹೇಳಂದಾರ ಮಾಸ್ತರು" ಎಂದು ಕೂಗಿ ಹೇಳಿದ. ಬಸ್ಸಿನಲ್ಲಿದ್ದವರೆಲ್ಲ ಕಿಟಕಿಯಿಂದ ನನ್ನನ್ನು ನೋಡಿದರು. ನಾನು ಒಳಗೆ ಓಡಿದೆ.

ಹೇಗೆ ಪಾಸಾದೆ ಎಂದು ನನಗೆ ಇಂದಿಗೂ ತಿಳಿದಿಲ್ಲ. ಸಾರಾಂಶ ಕೈ ಹಿಡಿದಿರಬಹುದು, ಅಂದರೆ ಅತ್ತೆ ಕೈ ಹಿಡಿದಿರಬಹುದು. ಮುಂಬಯಿಯ ಆ ಮನುಷ್ಯನಿಗೆ ರಾಶಿ ರಾಶಿ ಒಂದೇ ಥರದ ದೂರು ಓದಿ ಸಾಕಾಗಿ, ಯಾರೋ ಒಬ್ಬಳು ಮಳೆ ಹೇಗಾಯಿತು ಎಂದು ಕೇಳಿದ್ದು ಹಿತವಾಗಿರಬಹುದು. ನನಗೆ ಇದನ್ನು ನಂಬುವುದು ಇಷ್ಟ. ಮಾಸ್ತರಿಗೆ ಇಷ್ಟವಿರಲಿಲ್ಲ. ಕಾಗದಕ್ಕೆ ಸೊನ್ನೆಯೇ ಬಿದ್ದಿರುತ್ತದೆ, ಉಳಿದದ್ದರಲ್ಲಿ ಬಚಾವಾದೆ ಎಂದು ಅವರು ಕಡೆಯ ತನಕ ಸಾಧಿಸಿದರು.

ಅಂದು ಅವ್ವ ಗೋಧಿ ಬೆಲ್ಲದ ಮಾದಲಿ ಮಾಡಿದಳು. ಸಂಜೆ ಅಂಗಡಿ ಮುಚ್ಚುವ ಹೊತ್ತಿಗೆ ಅಪ್ಪನಿಗೆ ತಟ್ಟೆಯಲ್ಲಿ ಮಾದಲಿ ಹಾಲು ತಂದುಕೊಟ್ಟು, "ಪಾಸೂ ಆದ್ಳು, ದೇವರ ದೊಡ್ಡಾಂವ. ಕಾಖಂಡಕಿಯವರಿಗೆ ಬರ್ರೆಂತ ಹೇಳಿ ಕಳಸೂಣಲ್ಲ?" ಅಂದಳು. ಅಪ್ಪ ಹೂಂ ಅನ್ನುವವನಿದ್ದ. ಇದೇ ಹೊತ್ತು ಎಂದು ನನಗನ್ನಿಸಿತು. ಈಗ ಬಾಯಿ ತೆರೆಯದಿದ್ದರೆ ಜನ್ಮದಲ್ಲಿ ತೆರೆಯುವುದಿಲ್ಲ.

"ಅಪ್ಪಾ, ಇನ್ನೊಂದ ವರ್ಷ ವಿಜಾಪುರದಾಗ ಓದು ಅಂದಿದ್ದಿ."

"ಅದು ನಪಾಸಾದ್ರ ಅಂತ."

"ನಪಾಸಾದ್ರ ಅಂತ ನೀ ಅಂದಿದ್ದಿಲ್ಲ. ಓದು ಅಂದಿದ್ದಿ. ಸಂತ್ಯಾಗ ಅಂದಿದ್ದಿ. ಗಿರಾಕಿ ಮುಂದ ಅಂದಿದ್ದಿ."

ಅವ್ವ ನನ್ನನ್ನು ಕಣ್ಣಿನಲ್ಲೇ ಗದರಿಸಿದಳು. ಪಾಸಾದ ಮೇಲೆ ಇನ್ನೇನು ಓದುವುದು ಎಂದಳು. ಕಾಲೇಜು ಎಂದೆ. ಆ ಶಬ್ದವನ್ನು ನಮ್ಮ ಮನೆಯಲ್ಲಿ ಗಟ್ಟಿಯಾಗಿ ಹೇಳಿದ್ದು ನಾನೇ ಮೊದಲು. ಅಪ್ಪ ಮಾದಲಿಯ ತಟ್ಟೆ ಪಕ್ಕಕ್ಕಿಟ್ಟ. ಗಾದಿಯ ಮೇಲೆ ಉಳಿದಿದ್ದ ಒಂದು ಸೀರೆಯನ್ನು ಎಳೆದುಕೊಂಡು ಮಡಿಚತೊಡಗಿದ. ನಾನೂ ಅವ್ವನೂ ಆ ಸೀರೆಯನ್ನೇ ನೋಡುತ್ತ ನಿಂತೆವು. ಅಂಚಿಗೆ ಅಂಚು ಹೊಂದಿಸಿ, ಸೆರಗು ಒಳಗೆ ಮಾಡಿ, ಕೈಯಿಂದ ಸವರಿ ಅದನ್ನು ಗೋಡೆಯ ಮಾಡದಲ್ಲಿಟ್ಟ.

"ಮಾಲು ಛಲೋ ಬಂತಂತ ಸಂತ್ಯಾಗ ಕೊಟ್ಟ ಮಾತು ಹೊಳ್ಳಿ ತಗೊಳ್ಳಾಕ ಬರತೈತೇನು?" ಎಂದು ಅವ್ವನಿಗೆ ಹೇಳಿದ. ನನಗೆ, "ಅತ್ತೀಗೆ ಹೇಳಿ ಕಳಸು, ಈ ವರ್ಷಾನೂ ಬರ್ತೀಯಂತ" ಅಂದ. ಆಮೇಲೆ ತಟ್ಟೆ ಎತ್ತಿಕೊಂಡು ಮಾದಲಿ ತಿಂದ.

ಒಂದು ಮೊಳ ಅರಿವೆ ಕೊಳ್ಳಬೇಕಾದರೆ ನೂಲು ಯಾವುದು, ಬಣ್ಣ ಎಷ್ಟು ದಿನ ನಿಲ್ಲುತ್ತದೆ, ಒಗೆದರೆ ಎಷ್ಟು ಕುಗ್ಗುತ್ತದೆ ಎಂದು ಬೆವರು ಬಿಡಿಸುವಷ್ಟು ಪ್ರಶ್ನೆ ಕೇಳುವ ಮನುಷ್ಯ ನಮ್ಮಪ್ಪ. ಕಾಲೇಜು ಎಷ್ಟು ವರ್ಷದ್ದು ಎಂದು ಆ ಸಂಜೆ ಅವನು ನನ್ನನ್ನು ಕೇಳಲೇ ಇಲ್ಲ.